ಉಡಿ ತುಂಬಿ ಕಳಿಸಿದ ಬಿಳಿ ಬೆಕ್ಕು

ಬೈಲಹೊಂಗಲದಂಥ ಊರಲ್ಲಿ ಪರ್ಷಿಯನ್ ಬೆಕ್ಕು ಸಾಕಿ ಮರಿ ಮಾಡಿಸುತ್ತೇನೆ ಎಂದರೆ ಜನ ಮೊದಲು ನಗುತ್ತಾರೆ. ಆಮೇಲೆ ಮರಿಗೆ ಎಷ್ಟು ಎಂದು ಕೇಳುತ್ತಾರೆ. ಕೇಳಿದ ಮೇಲೆ ನಗುವುದಿಲ್ಲ. ಹತ್ತು ವರ್ಷ ನಾನು ಆ ಕೆಲಸ ಮಾಡಿದೆ. ನನ್ನ ಗಂಡನದು ಮಾರ್ಕೆಟ್ ಯಾರ್ಡಿನ ಹತ್ತಿರ ಬೀಜ, ಗೊಬ್ಬರದ ಅಂಗಡಿ. ಮನೆಯ ಮೇಲೆ ಒಂದು ಖೋಲಿ ಖಾಲಿ ಬಿದ್ದಿತ್ತು. ಒಮ್ಮೆ ಬೆಳಗಾವಿಗೆ ಹೋದಾಗ, ಯಾರೋ ಮೂಗಿನ ಮೇಲೆ ಗುದ್ದಿ ಕೂರಿಸಿದಂತೆ ಮುಖ ಚಪ್ಪಟೆ ಮಾಡಿಕೊಂಡು ಒಂದು ಬಿಳಿ ಮರಿ ಅಂಗಡಿಯ ಗಾಜಿನ ಹಿಂದೆ ಕುಳಿತಿತ್ತು. ಗಂಡ ಬೇಡ ಎಂದರು. ಬೇಡ ಎಂದದ್ದಕ್ಕೇ ತಂದೆ. ನನ್ನ ಸ್ವಭಾವವೇ ಹಾಗೆ.

ಒಂದು ಇದ್ದದ್ದು ಎರಡಾಯಿತು, ಎರಡು ಏಳಾಯಿತು. ಕೆಲಸವೆಂದರೆ ಕೆಲಸವೇ. ಬೆಳಿಗ್ಗೆ ಎದ್ದು ಹೇಲು ಉಚ್ಚೆಯ ಉಸುಕಿನ ತಟ್ಟೆ ಬದಲಿಸಬೇಕು. ಸದಾ ನೀರು ಸೋರುವ ಕಣ್ಣುಗಳನ್ನು ಅರಳೆಯಿಂದ ಒರೆಸಬೇಕು. ಒಂದು ದಿನ ಬಾಚದಿದ್ದರೆ ಹೊಟ್ಟೆಯ ಕೆಳಗಿನ ಕೂದಲು ಸಿಕ್ಕುಗಟ್ಟುತ್ತದೆ, ಎರಡು ದಿನ ಬಿಟ್ಟರೆ ಕತ್ತರಿಯೇ ಗತಿ. ಬೇಸಿಗೆಯಲ್ಲಿ ನಾವು ಕೆಳಗೆ ಬೆವರು ಒರೆಸಿಕೊಳ್ಳುತ್ತ ಕೂತರೂ ಮೇಲೆ ಅವಕ್ಕೆ ಕೂಲರ್ ಓಡುತ್ತಿತ್ತು. ಮರಿ ಕೇಳಿಕೊಂಡು ಬಂದವರಿಗೆ ನಾನು ಹೆಣ್ಣು ಕೊಡುವ ಮನೆಯವರಂತೆ ಪ್ರಶ್ನೆ ಹಾಕುತ್ತಿದ್ದೆ. ಮನೆಯಲ್ಲಿ ನಾಯಿ ಇದೆಯೇ, ಬಾಗಿಲು ತೆರೆದಿಟ್ಟು ಹೋಗುವ ರೂಢಿ ಇದೆಯೇ, ಊರಿಗೆ ಹೋದರೆ ಯಾರು ನೋಡಿಕೊಳ್ಳುತ್ತಾರೆ ಎಂದೆಲ್ಲ. ಉತ್ತರ ಮನಸ್ಸಿಗೆ ಬರದಿದ್ದರೆ ಚಹಾ ಕುಡಿಸಿ ಬರಿಗೈಯಲ್ಲಿ ಕಳಿಸುತ್ತಿದ್ದೆ. ಅದರಲ್ಲಿ ನನಗೆ ದೊಡ್ಡ ಜಂಬವಿತ್ತು, ಸುಳ್ಳೇಕೆ ಹೇಳಲಿ.

ನಮ್ಮ ಮನೆಯಲ್ಲಿ ಇದ್ದದ್ದು ಮೂರೇ ಜನ. ನಾನು, ನನ್ನ ಗಂಡ, ಅವರ ತಾಯಿ. ಮಾವ ತೀರಿಹೋಗಿ ಬಹಳ ವರ್ಷಗಳಾಗಿದ್ದವು. ಅತ್ತೆ ಮೊದಲ ವರ್ಷವೆಲ್ಲ ಮೇಲಿನ ಖೋಲಿಗೆ ಕಾಲಿಡಲಿಲ್ಲ. ತತ್ತಿಯನ್ನೂ ಹೊಸ್ತಿಲೊಳಗೆ ತಾರದ ಮನೆ ನಮ್ಮದು. ಬೆಕ್ಕಿನ ಪಾಕೀಟಿನಲ್ಲಿ ಬರುವ ಕಾಳು ಏತರದ್ದು ಎಂದು ಆಕೆ ಒಮ್ಮೆ ಕೇಳಿದರು. ನಾನು ಬಾಯಿ ತೆರೆಯುವ ಮೊದಲೇ ಕೈ ಅಡ್ಡ ಹಿಡಿದರು.

“ಬ್ಯಾಡ, ಹೇಳಬ್ಯಾಡ. ಜ್ವಾಳದ್ದು ಅಂತ ನಾ ತಿಳಕೊಂಡೇನಿ. ನೀ ಬ್ಯಾರೆ ಏನರ ಹೇಳಿ ನನ್ನ ಊಟಾ ಕೆಡಸಬ್ಯಾಡ.”

ಆಕೆ ಮೆಟ್ಟಿಲು ಹತ್ತಿದ್ದು ಆ ಬಿಳಿ ಬೆಕ್ಕು ಮೊದಲ ಸಲ ಮರಿ ಹಾಕಿದಾಗ. ನಾನು ಪೇಟೆಗೆ ಹೋಗಿದ್ದೆ. ಬೆಕ್ಕು ಕೂಗುವುದು ಕೇಳಿ, ತಡೆಯಲಾರದೆ, ಮೊಣಕಾಲು ನೋವಿನ ಹೆಂಗಸು ಒಂದೊಂದೇ ಮೆಟ್ಟಿಲು ಹತ್ತಿ ಹೋಗಿದ್ದರು. ನಾನು ಬಂದು ನೋಡಿದರೆ ಖೋಲಿ ತುಂಬ ಲೋಬಾನದ ಹೊಗೆ, ಖಿಡಕಿಗೆ ಹಳೆಯ ಸೀರೆಯ ಪರದೆ, ಬಟ್ಟಲಲ್ಲಿ ತುಪ್ಪ. ಅತ್ತೆ ನೆಲದ ಮೇಲೆ ಕೂತಿದ್ದರು, ಮುಂಗೈ ಮೇಲೆ ಮೂರು ಕೆಂಪು ಗೆರೆ. ಬಾಣಂತಿಗೆ ಗಾಳಿ ಹೊಗಬಾರದೆಂದು ಕಿವಿಗೆ ಅರಿವೆ ಕಟ್ಟಲು ಹೋಗಿ ಪರಚಿಸಿಕೊಂಡಿದ್ದರು.

“ನಾಕು ಹಡದಾಳ. ಸುಸೂತ್ರ ಆತು. ಹೊಗಿ ಆರಾಕ ಬಿಡಬ್ಯಾಡ,” ಎಂದರು, ಸೂಲಗಿತ್ತಿಯ ಗತ್ತಿನಲ್ಲಿ.

ಹೊಗೆ ಮರಿಗಳಿಗೆ ಒಳ್ಳೆಯದಲ್ಲ ಎಂದು ಹೇಳಿ ಕೆಂಡ ಹೊರಗಿಡುವಷ್ಟರಲ್ಲಿ ನನಗೆ ಸಾಕಾಯಿತು. ಅಂದಿನಿಂದ ಆ ಬೆಕ್ಕು ಅತ್ತೆಯ ಬಾಯಲ್ಲಿ ‘ಹಿರೇಕಿ’ ಆಯಿತು, ಅಂದರೆ ಮನೆಯ ಹಿರಿಯಳು. ನಾನು ಇಟ್ಟಿದ್ದ ಇಂಗ್ಲಿಷ್ ಹೆಸರು ಅಂದಿಗೇ ಮುಗಿಯಿತು. ಹಿರೇಕಿ ಐದು ಸಲ ಮರಿ ಹಾಕಿತು, ಐದು ಬಾಣಂತನವನ್ನೂ ಅತ್ತೆಯೇ ಮಾಡಿದರು. ಐದರ ಮೇಲೆ ಹಾಕಿಸಬಾರದು, ತಾಯಿಯ ಮೈ ಸೋಲುತ್ತದೆ ಎಂಬುದು ನಾನೇ ಮಾಡಿಕೊಂಡ ನಿಯಮ. ಧಾರವಾಡಕ್ಕೆ ಒಯ್ದು ಆಪರೇಷನ್ ಮಾಡಿಸಿದೆ. ಇನ್ನು ಇದಕ್ಕೆ ನಿವೃತ್ತಿ ಎಂದು ಹೇಳಿದಾಗ ಅತ್ತೆ, “ಪಿಂಚಣಿ ಎಷ್ಟ ಬರ್ತೈತಿ?” ಎಂದು ಕೇಳಿ ತಾವೇ ನಕ್ಕರು. ಪಿಂಚಣಿ ಅತ್ತೆಯ ತೊಡೆಯೇ ಆಗಿತ್ತು. ಮಧ್ಯಾಹ್ನ ಆಕೆ ಮೇಲಿನ ಖೋಲಿಗೆ ಹತ್ತಿ, ಮೊರ ಹಿಡಿದು ಬೇಳೆ ಆರಿಸಲು ಕೂತರೆ ಹಿರೇಕಿ ಮೊರವನ್ನು ದೂಡಿ ಜಾಗ ಮಾಡಿಕೊಂಡು ಮಲಗುತ್ತಿತ್ತು. ಅತ್ತೆ ಅದನ್ನು ಬೈಯುತ್ತ, ಬೇಳೆಯನ್ನು ಅದರ ಬೆನ್ನ ಮೇಲಿಂದ ಕೈ ಚಾಚಿ ಆರಿಸುತ್ತಿದ್ದರು. ನಮ್ಮ ಸಾರಿನಲ್ಲಿ ಕೂದಲು ಸಿಗದ ದಿನ ಕಡಿಮೆ.

ಹತ್ತನೆಯ ವರ್ಷ, ಕಾರಹುಣ್ಣಿಮೆಯ ಹೊತ್ತಿಗೆ ಅತ್ತೆಗೆ ಬಿಟ್ಟೂ ಬಿಡದ ಜ್ವರ ಶುರುವಾಯಿತು. ಮೈಮೇಲೆ ಅಲ್ಲಲ್ಲಿ ನೀಲಿ ಕಲೆ. ಬೆಳಗಾವಿಯ ಆಸ್ಪತ್ರೆಯಲ್ಲಿ ರಕ್ತದ ಕ್ಯಾನ್ಸರ್ ಎಂದರು. ಡಾಕ್ಟರು ಸಮಾಧಾನದ ಮನುಷ್ಯ. ಹದಿನೈದು ದಿನದಲ್ಲಿ ಔಷಧಿ ಶುರು ಮಾಡೋಣ, ಕೆಲವು ದಿನ ಇಲ್ಲಿ, ಮಿಕ್ಕ ದಿನ ಮನೆಯಲ್ಲಿ ಎಂದು ಹೇಳಿ, ಕೊನೆಗೆ ಕೇಳಿದರು.

“ಈ ಔಷಧಕ್ಕ ಮೈಯಾಗಿನ ಬಿಳಿ ಕಣ ಪೂರಾ ಇಳೀತಾವ್ರಿ. ಸಣ್ಣ ಸೋಂಕೂ ತಡಕೊಳ್ಳಾಕ ಆಗೂದಿಲ್ಲ. ಮನ್ಯಾಗ ಪ್ರಾಣಿ ಏನರ ಅದಾವೇನು?”

“ಏಳು ಬೆಕ್ಕ ಅದಾವ್ರಿ,” ಎಂದರು ನನ್ನ ಗಂಡ.

ಡಾಕ್ಟರು ಪೆನ್ನು ಕೆಳಗಿಟ್ಟರು. ಏಳಿರಲಿ, ಒಂದೂ ಇರುವಂತಿಲ್ಲ, ಅವುಗಳ ಹೇಲು, ಉಗುರು, ಸಣ್ಣ ಮನೆ, ಇದು ಆಗದ ಮಾತು ಎಂದರು. ಬೆಕ್ಕಿನಿಂದ ಈ ರೋಗ ಬಂದದ್ದಲ್ಲ, ಆದರೆ ಇನ್ನು ಮುಂದೆ ಬರಬಹುದಾದದ್ದಕ್ಕೆ ದಾರಿ ಬಿಡಬಾರದು ಎಂದೂ ಬಿಡಿಸಿ ಹೇಳಿದರು. ಈ ಬಿಡಿಸಿ ಹೇಳಿದ್ದು ನಮ್ಮ ಓಣಿಯವರೆಗೆ ಬರಲಿಲ್ಲ. “ಬೆಕ್ಕಿನ ಕೂದಲಾ ಹೊಟ್ಟ್ಯಾಗ ಹೋದ್ರ ಇಂಥಾ ಜಡ್ಡ ಬರ್ತಾವು” ಎಂದು ನೋಡಲು ಬಂದವರೆಲ್ಲ ಹೇಳಿಹೋದರು, ನನ್ನ ಕೈಯ ಚಹಾ ಕುಡಿದು, ನನ್ನ ಮುಖ ನೋಡಿಯೇ. ಅಲ್ಲ ಎಂದು ಗೊತ್ತಿದ್ದೂ ನಾನು ರಾತ್ರಿ ಹಗಲು ಅದನ್ನೇ ಜಗಿದೆ.

ಮರಿ ಹಾಕುವ ವಯಸ್ಸಿನ ನಾಲ್ಕು ಬೆಕ್ಕು ಒಂದೇ ಫೋನಿಗೆ ಹೋದವು. ಹುಬ್ಬಳ್ಳಿಯಲ್ಲಿ ನನ್ನದೇ ಕಸುಬಿನ ಒಬ್ಬಾಕೆ ಕಾರು ತಂದು ಒಯ್ದಳು. ಉಳಿದದ್ದು ಮೂರು ನಿವೃತ್ತರು. ಹಿರೇಕಿ, ಅದರ ಮಗಳಾದ ಒಂದು ಬೂದು ಬಣ್ಣದ್ದು, ಮತ್ತು ಹಲ್ಲು ಉದುರುತ್ತಿದ್ದ ಗಂಡು. ಹತ್ತು ವರ್ಷ ಬಂದವರನ್ನೆಲ್ಲ ಪರೀಕ್ಷೆ ಮಾಡಿ ಕಳಿಸಿದ ನಾನು ಈಗ ಒಬ್ಬೊಬ್ಬರಿಗೇ ಫೋನ್ ಮಾಡಿ ಗೋಗರೆಯುವ ಪಾಳಿ. ಪುಕ್ಕಟೆ ಕೊಡುತ್ತೇನೆ ಎಂದರೆ ನಮ್ಮ ಕಡೆ ಕೇಳುವ ಪ್ರಶ್ನೆ ಒಂದೇ: ಇಲಿ ಹಿಡಿತೈತೇನ್ರಿ? ಯರಗಟ್ಟಿಯ ಒಬ್ಬ ಕಾಳಿನ ವ್ಯಾಪಾರಿ ತನ್ನ ಗೋದಾಮಿಗೆ ಮೂರನ್ನೂ ಒಯ್ಯಲು ಸಿದ್ಧನಾಗಿ ಬಂದಿದ್ದ. ಹಿರೇಕಿಯನ್ನು ನೋಡಿ, “ಇದನ್ನ ಇಲಿ ಹಿಡದೊಯ್ತಾವ್ರಿ,” ಎಂದು ಹೇಳಿ ಚಪ್ಪಲಿ ಮೆಟ್ಟಿದ.

ಸಿಟ್ಟು ಬಂತು, ಆದರೆ ಅವನ ಮಾತಿನಲ್ಲಿ ತಪ್ಪೇನಿತ್ತು? ಒಂಬತ್ತು ವರ್ಷ ಒಂದೇ ಖೋಲಿಯಲ್ಲಿ ಬೆಳೆದದ್ದು. ಕಾಗೆ ಕೂಗಿದರೆ ಕಪಾಟಿನ ಹಿಂದೆ ಅಡಗುತ್ತಿತ್ತು. ಬೆಕ್ಕನ್ನು ಬಿಟ್ಟುಬರುವವರು ನಮ್ಮಲ್ಲಿ ಗೋಣಿಚೀಲದಲ್ಲಿ ಹಾಕಿ ಒಯ್ಯುತ್ತಾರೆ, ದಾರಿ ಕಂಡರೆ ತಿರುಗಿ ಬರುತ್ತದೆ ಎಂದು. ನನ್ನ ಗಂಡ ಆ ಚೀಲವನ್ನೂ ಅಂಗಡಿಯಿಂದ ತಂದಿಟ್ಟಿದ್ದರು. ಹಿರೇಕಿಗೆ ನಮ್ಮ ಮನೆಯ ಮೆಟ್ಟಿಲಿನ ದಾರಿಯೇ ಗೊತ್ತಿರಲಿಲ್ಲ. ಚೀಲವನ್ನು ವಾಪಸ್ ಒಯ್ಯಿರಿ ಎಂದು ರೇಗಿದೆ.

ಗಂಡು ಬೆಕ್ಕನ್ನು ಕಿತ್ತೂರಿನ ಒಬ್ಬ ನಿವೃತ್ತ ಶಿಕ್ಷಕ ದಂಪತಿ ಒಯ್ದರು, ಇಬ್ಬರೂ ನಿವೃತ್ತರು, ಮೂರನೆಯದಾಗಿ ಇದೂ ಇರಲಿ ಎಂದು. ಬೂದು ಬಣ್ಣದ್ದನ್ನು ನಮ್ಮೂರಿನ ಕಾಲೇಜಿನ ಉಪನ್ಯಾಸಕಿ ತೆಗೆದುಕೊಂಡರು. ಅವರ ಮನೆಗೆ ನಾನು ಹಿಂದೊಮ್ಮೆ ಮರಿ ಕೊಡಲು ಒಪ್ಪಿರಲಿಲ್ಲ. ಅದನ್ನು ಆಕೆ ಎತ್ತಿ ಆಡಲಿಲ್ಲ. ಆಡಿದ್ದರೆ ಚೆನ್ನಾಗಿತ್ತು ಅನ್ನಿಸಿತು.

ಹಿರೇಕಿ ಉಳಿಯಿತು. ಔಷಧಿ ಶುರುವಾಗಲು ನಾಲ್ಕು ದಿನವಿದ್ದಾಗ ಸವದತ್ತಿಯ ದೇವಿಯ ಗುಡ್ಡದ ದಾರಿಯಲ್ಲಿ ಬಳೆ, ಕುಂಕುಮ, ಭಂಡಾರವೆಂಬ ಅರಿಶಿನ ಪುಡಿಯ ಅಂಗಡಿ ಇಟ್ಟುಕೊಂಡಿರುವ ಒಬ್ಬ ಹೆಂಗಸಿನ ನೆನಪಾಯಿತು. ಗುಡ್ಡಕ್ಕೆ ಹೋದಾಗಲೆಲ್ಲ ನಾನು ಬಳೆ ಇಡಿಸಿಕೊಳ್ಳುವುದು ಆಕೆಯ ಹತ್ತಿರವೇ. ನನಗಿಂತ ನಾಲ್ಕೈದು ವರ್ಷ ದೊಡ್ಡವರು, ಗಂಡ ಹೆಂಡತಿ ಇಬ್ಬರೇ. ಬಳೆ ಏರಿಸುವಾಗ ಕೈ ನೋಯಿಸದ ಹೆಂಗಸು. ಫೋನ್ ಮಾಡಿದೆ. ಆಕೆಯೂ ಅದನ್ನೇ ಕೇಳಿದರು, ಅಂಗಡಿಯ ಒಣಕೊಬ್ಬರಿಯನ್ನೆಲ್ಲ ಇಲಿ ಕಡಿದು ಹಾಕುತ್ತಿದ್ದವಂತೆ.

“ಹಿಡಿತೈತ್ರಿ,” ಎಂದೆ. “ಬೇಷ್ ಹಿಡಿತೈತಿ.”

ಮರುದಿನವೇ ಆಕೆ ಬುಟ್ಟಿ ಹಿಡಿದುಕೊಂಡು ಬಸ್ಸಿಗೆ ಬಂದರು. ಬೆಕ್ಕು ತೋರಿಸಿ, ಕಾಳಿನ ಪಾಕೀಟು, ಬಾಚಣಿಗೆ, ಅರಳೆ ಕಟ್ಟಿಕೊಟ್ಟು, ಹತ್ತು ನಿಮಿಷದಲ್ಲಿ ಕಳಿಸಿಬಿಡಬೇಕೆಂದು ನಾನು ಎಣಿಸಿದ್ದೆ. ನಿಂತರೆ ಅಳು ಬರುತ್ತದೆಂಬ ಭಯ. ಅಷ್ಟರಲ್ಲಿ ಒಳಗಿಂದ ಅತ್ತೆ ಕರೆದರು.

“ದೇವರ ಖೋಲ್ಯಾಗಿನ ಟ್ರಂಕ ತಗೀ. ಹಸರ ದಡಿದು ಒಂದ ಖಣಾ ಐತಿ ನೋಡು. ಅಕ್ಕಿ, ಒಣಕೊಬ್ಬರಿ ಬಟ್ಟಲಾ, ಉತ್ತತ್ತಿ, ಅರಿಷಿಣ ಕೊಂಬು ತಗೊಂಬಾ.”

“ಯಾಕ್ರಿ ಅತ್ತಿ?”

“ಯಾಕಂದ್ರ? ನಮ್ಮ ಮನ್ಯಾಗ ಐದ ಬಾಣಂತನಾ ಮಾಡಿಸಿಕೊಂಡಾಕಿ. ಬರೇ ಉಡೀಲೆ ಹ್ಯಾಂಗ ಕಳಸೂದು?”

“ಅತ್ತಿ, ಅಕಿ ಬೆಕ್ಕರಿ.”

“ಬೆಕ್ಕಿಗೆ ಉಡಿ ಎಲ್ಲಿ ಇರ್ತೈತಿ ಹುಚ್ಚಿ. ಒಯ್ಯಾಕ ಬಂದಾಕಿಗೆ ತುಂಬು.”

ನಮ್ಮ ಕಡೆ ಮನೆಮಗಳನ್ನು ಗಂಡನ ಮನೆಗೆ ಕಳಿಸುವಾಗ ಸೆರಗಿನಲ್ಲಿ ರವಿಕೆಯ ಖಣ, ಅಕ್ಕಿ, ಕೊಬ್ಬರಿ ಹಾಕಿ ಉಡಿ ತುಂಬದೆ ಕಳಿಸುವುದಿಲ್ಲ. ಗಂಡ ಸತ್ತವರು ತುಂಬುವಂತಿಲ್ಲ ಎಂಬ ರೂಢಿ ನಮ್ಮ ಮನೆಯಲ್ಲಿ ಇನ್ನೂ ಇತ್ತು. ಹಾಗಾಗಿ ಅತ್ತೆ ಕುರ್ಚಿಯ ಮೇಲೆ ಕೂತು, ಹಿರೇಕಿಯನ್ನು ತೊಡೆಯ ಮೇಲೆ ಇಟ್ಟುಕೊಂಡು, ಒಂದೊಂದನ್ನೇ ಹೇಳುತ್ತ ನನ್ನ ಕೈಯಿಂದ ತುಂಬಿಸಿದರು. ಸವದತ್ತಿಯ ಹೆಂಗಸು ಒಮ್ಮೆಯೂ ನಗಲಿಲ್ಲ. ತಲೆಯ ಮೇಲೆ ಸೆರಗು ಹೊದ್ದು, ಮಣೆಯ ಮೇಲೆ ಕೂತು, ಉಡಿ ಒಡ್ಡಿ ಐದು ಸಲವೂ ಕಣ್ಣಿಗೊತ್ತಿಕೊಂಡರು. ಆಮೇಲೆ ಅತ್ತೆ ಬೆಕ್ಕನ್ನು ತಾವೇ ಎತ್ತಿ ಬುಟ್ಟಿಯಲ್ಲಿಟ್ಟರು.

“ಬಾಚೂ ಮುಂದ ಹೊಟ್ಟಿ ಮುಟ್ಟಿದ್ರ ಕಡೀತಾಳ. ಬೈದ್ರ ಸುಮ್ಮನಾಗ್ತಾಳ,” ಎಂದರು. ಅಷ್ಟೇ.

ಬಸ್ ಸ್ಟ್ಯಾಂಡಿನವರೆಗೆ ಬುಟ್ಟಿ ಹಿಡಿದು ನಾನೂ ಹೋದೆ. ಬಸ್ಸು ಹೊರಡುವ ಹೊತ್ತಿಗೆ ಖಿಡಕಿಯ ಹತ್ತಿರ ಹೋಗಿ ಆಕೆಗೆ ಹೇಳಿದೆ, “ಅಕ್ಕಾರ, ಅತ್ತಿ ಏನರ ಅನ್ಲಿ, ಇದು ಕೊಟ್ಟಿದ್ದಲ್ರಿ. ಇಟ್ಟಿದ್ದು. ಔಷಧಿ ಎಲ್ಲಾ ಮುಗದ ಮ್ಯಾಲೆ ನಾ ಬಂದು ವಾಪಸ್ ಒಯ್ತೇನಿ.” ಆಕೆ ಉಡಿಯ ಗಂಟನ್ನು ಒಮ್ಮೆ, ನನ್ನನ್ನು ಒಮ್ಮೆ ನೋಡಿದರು. “ಆಗ್ಲಿರಿ,” ಎಂದರು. ಒಂದೇ ತಾಸಿನಲ್ಲಿ ಒಂದೇ ಮನೆಯ ಇಬ್ಬರು ಎರಡು ಥರ ಮಾತಾಡಿದ್ದೆವು. ಅದು ಆಕೆಗೆ ಎಷ್ಟು ತೊಡಕಿನದಾಗಿತ್ತು ಎಂದು ನಾನು ಯೋಚಿಸಲಿಲ್ಲ. ಬೆಕ್ಕು ನನ್ನದು, ನನಗೆ ತಿರುಗಿ ಬರಬೇಕು, ನನ್ನ ತಲೆಯಲ್ಲಿ ಇದ್ದದ್ದು ಅದೊಂದೇ.

ಔಷಧಿ ಶುರುವಾಯಿತು. ಅತ್ತೆಯ ಕೂದಲು ಉದುರಿತು, ಬಾಯಿ ಹುಣ್ಣಾಯಿತು, ಜೋಳದ ಗಂಜಿಯೂ ಗಂಟಲಲ್ಲಿ ಇಳಿಯದ ದಿನಗಳು ಬಂದವು. ಮನೆಯನ್ನೆಲ್ಲ ಸುಣ್ಣ ಹೊಡೆಸಿ, ನೆಲಕ್ಕೆ ಎರಡು ಹೊತ್ತು ಫಿನೈಲು ಹಾಕಿ ಒರೆಸುತ್ತಿದ್ದೆ. ಹೊರಗಿನವರಿಗೆ ಬಾಗಿಲು ಬಂದ್. ಸೇವೆಯಲ್ಲಿ ಕೊರತೆ ಮಾಡಿದೆ ಎಂದು ಯಾರೂ ಹೇಳಲಾರರು, ನನ್ನ ಗಂಡ ಇಂದಿಗೂ ನಾಲ್ಕು ಜನರೆದುರು ಅದನ್ನು ಹೊಗಳುತ್ತಾರೆ. ಹೊಗಳಿದಾಗಲೆಲ್ಲ ನಾನು ಎದ್ದು ಒಳಗೆ ಹೋಗುತ್ತೇನೆ. ಯಾಕೆಂದು ಅವರಿಗೆ ಹೇಳಿಲ್ಲ, ಇಲ್ಲಿ ಬರೆಯುತ್ತೇನೆ. ಆ ದಿನಗಳಲ್ಲಿ ನಾನು ಎಣಿಸುತ್ತಿದ್ದೆ. ಶ್ರಾವಣ ಮುಗಿದು, ದಸರೆ ಬಂದು, ದೀಪಾವಳಿ ಹೊತ್ತಿಗೆ ಏನಾದರೂ ಒಂದು ಆಗುತ್ತದೆ, ಆಮೇಲೆ ಹಿರೇಕಿಯನ್ನು ಕರೆತರಬಹುದು. ‘ಏನಾದರೂ ಒಂದು’ ಎಂದರೆ ಏನು ಎಂದು ನನ್ನನ್ನು ನಾನು ಕೇಳಿಕೊಳ್ಳಲಿಲ್ಲ. ಕೇಳಿಕೊಂಡರೆ ಉತ್ತರ ಎರಡಿದ್ದವು. ಎರಡರಲ್ಲಿ ಯಾವುದು ಆದರೂ ಬೆಕ್ಕು ಮನೆಗೆ ಬರುತ್ತಿತ್ತು.

ಮೇಲಿನ ಖೋಲಿಯಲ್ಲಿ ಬಾಗಿಲ ಸಂದಿಯಿಂದ ಬಿಳಿ ಕೂದಲಿನ ಉಂಡೆಯೊಂದು ಸಿಕ್ಕಾಗ ನಾನು ಅಲ್ಲೇ ಕೂತು ಅತ್ತಿದ್ದೆ. ಅದೇ ವಾರ ಅತ್ತೆಯ ದಿಂಬಿನ ಮೇಲಿನ ಕೂದಲನ್ನು ಗುಡಿಸಿ ಎಸೆದಿದ್ದೆ, ಕಣ್ಣು ಒದ್ದೆಯಾಗಿರಲಿಲ್ಲ. ಇದನ್ನೂ ಬರೆದುಬಿಡುತ್ತೇನೆ.

ನಾಗರ ಪಂಚಮಿ ಬಂತು, ನಮ್ಮ ಕಡೆ ಮದುವೆಯಾದ ಹೆಣ್ಣುಮಕ್ಕಳನ್ನು ತವರಿಗೆ ಕರೆಸುವ ಹಬ್ಬ. ಆ ಸಲ ನಮ್ಮ ಮನೆಯಲ್ಲಿ ಹಬ್ಬವಿರಲಿಲ್ಲ. ಹಿಂದಿನ ದಿನ ಸಂಜೆ ಅತ್ತೆಗೆ ಸಣ್ಣ ಜ್ವರ ಬಂದಿತ್ತು, ಬಿಳಿ ಕಣ ತೀರ ಕಡಿಮೆ ಎಂದು ಆಸ್ಪತ್ರೆಯಿಂದ ಫೋನ್ ಬಂದಿತ್ತು. ಮಧ್ಯಾಹ್ನ ಅತ್ತೆಗೆ ಜೊಂಪು ಹತ್ತಿತ್ತು. ಹೊರಗೆ ಕಟ್ಟೆಯ ಮೇಲೆ ಯಾರೋ ಕೂತು ಬೆವರು ಒರೆಸಿಕೊಳ್ಳುವುದು ಖಿಡಕಿಯಿಂದ ಕಂಡಿತು. ಬಾಗಿಲು ತೆರೆದರೆ ಸವದತ್ತಿಯ ಹೆಂಗಸು. ಹೊಸ ಸೀರೆ, ತಲೆಯಲ್ಲಿ ಹೂ, ಒಂದು ಕೈಯಲ್ಲಿ ಸ್ಟೀಲಿನ ಡಬ್ಬಿ, ಪಕ್ಕದಲ್ಲಿ ಬುಟ್ಟಿ. ಬುಟ್ಟಿಯ ಮುಚ್ಚಳ ಸರಿದಿತ್ತು. ಹಿರೇಕಿ ತಲೆ ಹೊರಗೆ ಹಾಕಿ ನಮ್ಮ ಓಣಿಯನ್ನು ನೋಡುತ್ತಿತ್ತು. ಭಂಡಾರದ ಅಂಗಡಿಯಲ್ಲಿ ಹೊರಳಿ ಹೊರಳಿ ಅದರ ಕುತ್ತಿಗೆ, ಬೆನ್ನು ಎಲ್ಲ ಅರಿಶಿನದ ಬಣ್ಣಕ್ಕೆ ತಿರುಗಿತ್ತು.

“ಇದ್ಯಾಕ್ರಿ ತಂದ್ರಿ?” ಎಂದು ನಾನು ಎರಡು ಹೆಜ್ಜೆ ಹಿಂದೆ ಸರಿದೆ.

“ಪಂಚಮಿ ಅಲ್ರೀ?” ಎಂದರು ಆಕೆ, ನನಗೇ ಮರೆವು ಎನ್ನುವಂತೆ. “ಉಡಿ ತುಂಬಿ ಕಳಿಸೀರಿ. ಮೊದಲನೇ ಪಂಚಮಿ, ತವರಿಗೆ ಕರಿಯಾಕ ಯಾರರ ಬರ್ತೀರಿ ಅಂತ ಎರಡ ದಿನಾ ದಾರಿ ನೋಡಿದೆ. ಜಡ್ಡಿನ ಮನಿ, ಎಲ್ಲಿ ಬಿಡುವು ಅಂದ್ರು ನಮ್ಮನಿಯವರು. ಅದಕ್ಕ ನಾನ ಕರಕೊಂಡ ಬಂದೆ. ಒಂದ ಗಳಿಗಿ ಅಮ್ಮಾರ ಕಣ್ಣಿಗೆ ಬೀಳ್ಲಿ, ಹೊಳ್ಳಿ ಹೊಕ್ಕೇವಿ. ಶೇಂಗಾ ಉಂಡಿ, ಎಳ್ಳುಂಡಿ ತಂದೇನಿ.”

ಇಡೀ ಜಗತ್ತಿನಲ್ಲಿ ನಮ್ಮ ಕಡೆಯವರನ್ನು ಬಿಟ್ಟರೆ ಇನ್ನಾರಿಗೂ ಈ ತಪ್ಪು ಮಾಡಲು ಬರುವುದಿಲ್ಲ. ಈಗ ನೆನೆದರೆ ಆಕೆಯ ಕಾಲು ಹಿಡಿಯಬೇಕೆನಿಸುತ್ತದೆ. ಆಗ ನನಗೆ ಕಂಡದ್ದು ಬುಟ್ಟಿಯ ತುಂಬ ಸೋಂಕು.

“ನಿಮಗ ತಿಳಿತೈತೋ ಇಲ್ಲೋ?” ಎಂದು ಕಿರುಚಿದೆ. “ಒಳಗ ಜೀವ ಹೋಗೂ ಹೊತ್ತನ್ಯಾಗ ಅದಾರ. ಬೆಕ್ಕ ಬ್ಯಾಡ ಅಂತನ ನಿಮ್ಮ ಕಡೆ ಇಟ್ಟಿದ್ದು. ಹೋಗ್ರಿ, ಮದಲ ಹೋಗ್ರಿ.”

ಆಕೆಯ ಮುಖ ಬಾಡಿತು. ಬುಟ್ಟಿಯ ಮುಚ್ಚಳ ಎಳೆದು, ಡಬ್ಬಿಯನ್ನು ಕಟ್ಟೆಯ ಮೇಲೇ ಬಿಟ್ಟು, “ತಪ್ಪಾತ್ರಿ ಅಕ್ಕಾರ,” ಎಂದು ಎದ್ದರು. ಬಿಸಿಲಲ್ಲಿ ಬಂದ ಹೆಂಗಸಿಗೆ ಒಂದು ತಂಬಿಗೆ ನೀರನ್ನೂ ನಾನು ಕೊಡಲಿಲ್ಲ. ಓಣಿಯ ತಿರುವಿನಲ್ಲಿ ಹಿರೇಕಿ ಒಮ್ಮೆ ಕೂಗಿತು.

ಒಳಗೆ ಬಂದರೆ ಅತ್ತೆ ಎದ್ದು ಕೂತಿದ್ದರು.

“ಯಾರ ಬಂದಿದ್ರು?”

ಸುಳ್ಳು ಹೇಳಬಹುದಿತ್ತು. ಬಾಯಿಗೆ ಬರಲಿಲ್ಲ, ಇದ್ದದ್ದನ್ನು ಹೇಳಿದೆ. ಅತ್ತೆ ಖಿಡಕಿಯ ಕಡೆ ನೋಡಿದರು. ಆಮೇಲೆ, “ಪಂಚಮಿಗೆ ಬಂದ ಮಗಳನ್ನ ಹೊಸ್ತಿಲದಾಗಿಂದ ಕಳ್ಸೀದೇನವ್ವಾ,” ಎಂದರು. “ಖಿಡಕ್ಯಾಗರ ತೋರಸ್ಬೇಕಿತ್ತು.”

“ನಿಮ್ಮ ಜೀವ ಉಳಸಾಕ ಹತ್ತೇನ್ರಿ ಅತ್ತಿ ನಾ,” ಎಂದು ನಾನೂ ದನಿ ಏರಿಸಿದೆ.

“ಹೌದವಾ,” ಎಂದು ಆಕೆ ಗೋಡೆಯ ಕಡೆ ಹೊರಳಿದರು.

ಮುಂದಿನ ಸಲ ಬೆಳಗಾವಿಗೆ ಹೋದಾಗ ಅತ್ತೆ ತಾವೇ ಡಾಕ್ಟರಿಗೆ ಕೇಳಿದರು, ಗಾಜಿನ ಖಿಡಕಿಯ ಆಚೆಯಿಂದ ಬೆಕ್ಕು ನೋಡಿದರೆ ಏನಾದರೂ ಆಗುತ್ತದೆಯೇ ಎಂದು. ಡಾಕ್ಟರು ನಕ್ಕು, “ನೋಡಿದ್ರ ಏನೂ ಆಗೂದಿಲ್ರಿ ಅಮ್ಮಾ, ದಿನಾ ನೋಡ್ರಿ,” ಎಂದರು. ಅತ್ತೆ ನನ್ನ ಕಡೆ ತಿರುಗಲೂ ಇಲ್ಲ. ತಿರುಗಿ ನೋಡಿ ಎರಡು ಮಾತು ಅಂದಿದ್ದರೆ ನನಗೆ ಹಗುರಾಗುತ್ತಿತ್ತು. ಬರುವಾಗ ದಾರಿಯಲ್ಲಿ, ಈ ಸುತ್ತಿನ ಔಷಧಿ ಮುಗಿಯಲಿ, ಸವದತ್ತಿಗೆ ಫೋನ್ ಮಾಡಿ ಕರೆಸುತ್ತೇನೆ ಎಂದೆ. ಆಗಲಿ ಎಂದರು. ಆ ಸುತ್ತು ಮುಗಿಯಲಿಲ್ಲ. ಜ್ವರ ಏರಿತು, ಎದೆಯಲ್ಲಿ ಕಫ ತುಂಬಿತು, ದಸರೆಗೆ ಎಂಟು ದಿನವಿದ್ದಾಗ ಆಸ್ಪತ್ರೆಯಲ್ಲೇ ಹೋದರು. ಅಷ್ಟು ತೊಳೆದ ಮನೆಗೂ, ಅಷ್ಟು ಕಾಯ್ದ ಬಾಗಿಲಿಗೂ ಏನೂ ಅರ್ಥ ಉಳಿಯಲಿಲ್ಲ.

ಅತ್ತೆಯ ಕಾರ್ಯಗಳೆಲ್ಲ ಮುಗಿದು, ಬಂದ ನೆಂಟರೆಲ್ಲ ಹೋದ ಮೇಲೆ ಒಂದು ಬೆಳಿಗ್ಗೆ ಸವದತ್ತಿಯ ಹೆಂಗಸು ಬಂದರು. ಈ ಸಲ ಕಟ್ಟೆಯ ಮೇಲೆ ಕೂರಲಿಲ್ಲ, ಕೆಳಗೆ ಓಣಿಯಲ್ಲೇ ನಿಂತರು. ಪಕ್ಕದಲ್ಲಿ ಬುಟ್ಟಿ, ಮುಚ್ಚಳಕ್ಕೆ ಹಗ್ಗ ಬಿಗಿದಿತ್ತು. ಅತ್ತೆಯ ಬಗ್ಗೆ ಎರಡು ಮಾತಾಡಿ ಕಣ್ಣು ಒರೆಸಿಕೊಂಡರು.

“ಆವತ್ತ ಬಸ್ಸಿನ ಹತ್ರ ಹೇಳಿದ್ರಲ್ರಿ, ಇಟ್ಟಿದ್ದು, ವಾಪಸ್ ಒಯ್ತೇನಿ ಅಂತ. ನೀವು ಈಗ ಎಲ್ಲಿ ಬರ್ತೀರಿ ಅಂತ ನಾನ ತಂದೆ. ಇಲಿ ಮಾತ್ರ ಒಂದೂ ಹಿಡೀಲಿಲ್ರಿ ಇಕಿ,” ಎಂದು ಸ್ವಲ್ಪ ನಕ್ಕರು. “ಅಂಗಡ್ಯಾಗ ಕುಂತ್ರ ಮಂದಿ ನೋಡಾಕ ನಿಂದರ್ತಾರ, ನಿಂತಾವ್ರು ಬಳಿ ಇಡಸ್ಕೊಂತಾರ. ನಮ್ಮನಿಯವ್ರು ಇಕಿ ಉಂಡ ಹೊರತು ಉಣ್ಣೂದಿಲ್ಲ.” ಆಮೇಲೆ ಹಗ್ಗದ ಗಂಟಿನ ಮೇಲೆ ಕೈ ಇಟ್ಟು, “ಬಿಚ್ಚಲೇನ್ರಿ? ಈಗ ಏನ ಅಡ್ಡಿ ಇಲ್ಲಲ್ಲ,” ಎಂದರು.

ಅಡ್ಡಿ ಇರಲಿಲ್ಲ. ಡಾಕ್ಟರ ನಿಯಮ ಇದ್ದದ್ದು ಅತ್ತೆಗಾಗಿ. ಮೇಲಿನ ಖೋಲಿ ಸುಣ್ಣ ಹೊಡೆಸಿಕೊಂಡು ಖಾಲಿ ಇತ್ತು. ದೀಪಾವಳಿ ಇನ್ನೂ ಬಂದಿರಲಿಲ್ಲ, ನಾನು ಎಣಿಸಿದ್ದಕ್ಕಿಂತ ಬೇಗನೆ ಬೆಕ್ಕು ಮನೆಗೆ ಬಂದಿತ್ತು. ಬುಟ್ಟಿಯ ಸಂದಿಯಿಂದ ಬಿಳಿಯ, ಅರಿಶಿನ ಹತ್ತಿದ ಪಾದ ಒಂದು ಹೊರಗೆ ಚಾಚಿತು. ನನಗೆ ಬೇಕಿತ್ತು. ಎಷ್ಟು ಬೇಕಿತ್ತೆಂದರೆ ನಾನು ಎರಡು ಮೆಟ್ಟಿಲು ಇಳಿದಾಗಿತ್ತು, ಕೈ ಮುಂದೆ ಹೋಗಿತ್ತು.

“ಬಿಚ್ಚಬ್ಯಾಡ್ರಿ,” ಎಂದೆ.

ಆಕೆ ತಲೆ ಎತ್ತಿದರು.

“ಅತ್ತಿ ಇದ್ದಾಗ ಬಾಗಲದಾಗಿಂದ ಕಳಸೀನಿ. ಅತ್ತಿ ಇಲ್ಲದಾಗ ಯಾವ ಮಾರಿಲೆ ಒಳಗ ಕರೀಲ್ರಿ? ಅವರು ನಿಮಗ ಆವತ್ತ ಕೊಟ್ಟಾರ. ನಾ ಕೊಟ್ಟಿದ್ದಿಲ್ಲ. ಇವತ್ತ ಕೊಟ್ಟೇನಿ, ಒಯ್ಯಿರಿ.”

ಎಲ್ಲಿ ನಾನು ಮನಸ್ಸು ಬದಲಿಸುತ್ತೇನೋ ಎಂದು ಆಕೆ ಬುಟ್ಟಿಯನ್ನು ಎತ್ತಿ ಸೊಂಟಕ್ಕೆ ಅವಚಿಕೊಂಡರು. ಬರುವಾಗ ಬಸ್ಸಿನಲ್ಲಿ ಉದ್ದಕ್ಕೂ ಅಳುತ್ತಲೇ ಇದ್ದೆನೆಂದು ಆಮೇಲೆ, ನೀರು ಕುಡಿದ ಮೇಲೆ ಹೇಳಿದರು. ಈ ಸಲ ನೀರು ಕೊಟ್ಟಿದ್ದೆ, ಚಹಾ ಕೂಡ.

ಮಧ್ಯಾಹ್ನ ನನ್ನ ಗಂಡ ಊಟಕ್ಕೆ ಬಂದಾಗ ಓಣಿಯವರು ಅವರಿಗೆ ಆಗಲೇ ಸುದ್ದಿ ಮುಟ್ಟಿಸಿದ್ದರು.

“ಹಿರೇಕಿನ್ನ ತಂದಿದ್ರಂತಲ್ಲ? ಯಾಕ ತಗೋಲಿಲ್ಲ?”

“ಬ್ಯಾಡ ಅನಿಸ್ತು,” ಎಂದೆ.

ಅವರು ಕೈ ತೊಳೆದು ತಾಟಿನ ಮುಂದೆ ಕೂತರು. ರೊಟ್ಟಿ ಮುರಿದು ತಾಟಿನಲ್ಲೇ ಇಟ್ಟರು.

“ಅವ್ವ ಇದ್ದಿದ್ರ ತಗೋ ಅಂತಿದ್ಲು,” ಎಂದರು.

ಹೌದು, ಅನ್ನುತ್ತಿದ್ದರು. ನನ್ನನ್ನು ಬೈಯುತ್ತಲೂ ಇರಲಿಲ್ಲ, ಹುಚ್ಚಿ, ಒಳಗ ಕರಕೊಂಡ ಬಾ, ಬಿಸಲಾಗ ಯಾಕ ನಿಂದ್ರಸೀದಿ ಎಂದು ಕೂತಲ್ಲಿಂದಲೇ ಕೂಗುತ್ತಿದ್ದರು. ಅವರ ದನಿ ಅಷ್ಟು ಸ್ಪಷ್ಟವಾಗಿ ಕೇಳಿಸಿತು. ಮಣ್ಣು ಕೊಟ್ಟ ದಿನ ನಾನು ಅತ್ತಿರಲಿಲ್ಲ, ಕಾರ್ಯದ ದಿನವೂ ಇಲ್ಲ. ಅಂದು, ಕೈಯಲ್ಲಿ ಸಾರಿನ ಸೌಟು ಹಿಡಿದುಕೊಂಡೇ, ಗಂಡನ ಮುಂದೆ ನಿಂತು ಜೋರಾಗಿ ಅಳತೊಡಗಿದೆ. ಬೆಕ್ಕಿಗಾಗಿ ಅಳುತ್ತಿದ್ದೇನೆ ಎಂದು ಅವರು ತಿಳಿದರು.